ಭಾಜಿಯವಳ ಕುರ್ಚಿ

ಮುಂಬೈಯ ಸಯನ್ನಿನ ನಮ್ಮ ಮನೆಯಲ್ಲಿ ಸಂಜೆ ಲೋಕಲ್ ರೈಲು ಹಾದುಹೋದ ಮೇಲೆ ಬೆತ್ತದ ಕುರ್ಚಿಯೊಂದು ಕಿರ್ ಎನ್ನುತ್ತದೆ, ಯಾರೋ ಎದ್ದ ಹಾಗೆ. ಹಳೇ ಕಟ್ಟಡ, ನೆಲ ಅದುರುತ್ತದೆ ಎನ್ನುತ್ತೀರಿ. ನಾನೂ ಹಾಗೇ ಅಂದುಕೊಳ್ಳುತ್ತೇನೆ. ಆದರೂ ಎದ್ದು ಹೋಗಿ ನೋಡುತ್ತೇನೆ.

ಮೊನ್ನೆ ತೀರಿಕೊಂಡ ನನ್ನ ಅಣ್ಣ ಅರ್ಥಶಾಸ್ತ್ರದ ಪ್ರೊಫೆಸರ್. ಧಾರವಾಡದಿಂದ ಬಂದು ಅವನ ಮನೆ ನೋಡಿಕೊಂಡ ತಂಗಿ ನಾನು, ನನ್ನದು ಬರೀ ಮೆಟ್ರಿಕ್. ಭಾನುವಾರ ಅವನ ಶಿಷ್ಯರು ಇಲ್ಲಿ ಸೇರುತ್ತಿದ್ದರು. ಸಂಜೆ ಭಾಜಿ, ಅಂದರೆ ತರಕಾರಿ, ಅಗ್ಗವಾಗುವುದು ಸರಕು ಹೆಚ್ಚಾಗಿ ಅಲ್ಲ, ಮಾರುವವಳ ಮಗು ಮನೆಯಲ್ಲಿ ಕಾಯುತ್ತಿರುವುದರಿಂದ. ಬೆಲೆಯ ಹಿಂದಿರುವ ಮನುಷ್ಯರ ಅವಸರವನ್ನು ನೋಡಬೇಕು. ಇದು ಅವರ ಪಂಥ. ಅದಕ್ಕೇ ಭಾಜಿಯವಳಿಗೆಂದು ಈ ಬೆತ್ತದ ಕುರ್ಚಿ ಖಾಲಿ ಇಡುತ್ತಿದ್ದರು. ಮಾತಾಡುವವರು ಅದನ್ನೇ ನೋಡಿ ಮಾತಾಡಬೇಕು.

“ಆಕಿಗೆ ತಿಳಿಯೂಹಂಗ ಹೇಳೋ ತಮ್ಮಾ. ಆಕಳಿಸಾಕ ಹತ್ಯಾಳ ನೋಡು,” ಎಂದು ಅಣ್ಣ ಚುಚ್ಚುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನೊಮ್ಮೆ ಚಹಾ ಹಂಚುತ್ತ ಆ ಕುರ್ಚಿಗೂ ಕಪ್ ಚಾಚಿಬಿಟ್ಟಿದ್ದೆ.

ಇಲ್ಲಿ ಕಾಯಂ ಕೆಲಸ ಸಿಗದೆ ಶಿಷ್ಯರು ಒಬ್ಬೊಬ್ಬರಾಗಿ ಹೊರದೇಶಕ್ಕೆ ಹೋದರು. ಕೊನೆಗೆ ನನ್ನನ್ನು ಮೌಶಿ, ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಘಾಟ್ಕೋಪರಿನ ಮೀನಾ ಕೂಡ. ಅವತ್ತು ಕುರ್ಚಿ ಎತ್ತಿಡಲು ಹೋದೆ.

“ಇರ್ಲಿ ಬಿಡವಾ. ಅಲ್ಲಿ ನಮ್ಮ ಮಾತು ಬೆಳೀತದ. ಆದ್ರ ಯಾರನ್ನ ನೋಡಿ ಮಾತಾಡ್ತಾರ?” ಎಂದ ಅಣ್ಣ.

ಆಮೇಲೂ ಭಾನುವಾರ ಆ ಕುರ್ಚಿಗೆ ಏನೋ ವಿವರಿಸುತ್ತಿದ್ದ. ನಡುನಡುವೆ ನಿಲ್ಲಿಸುತ್ತಿದ್ದ, ಉತ್ತರ ಕೇಳಿಸಿಕೊಳ್ಳುವವನಂತೆ.

ಇವತ್ತು ಕುರ್ಚಿ ಕಿರ್ ಎಂದ ಹಿಂದೆಯೇ ಮೀನಾಳ ವಿಡಿಯೊ ಕಾಲ್ ಬಂತು. ಅಲ್ಲಿ ಅವಳ ವಿದ್ಯಾರ್ಥಿಗಳ ಸಭೆ. ಅಣ್ಣನನ್ನು ಕಂಡೇ ಇಲ್ಲದ ಒಬ್ಬ ಬಿಳಿಯ ಹುಡುಗ ಖಾಲಿ ಕುರ್ಚಿಯೊಂದನ್ನು ನೋಡುತ್ತ ಮಾತಾಡುತ್ತಿದ್ದ. ನಡುನಡುವೆ ನಿಲ್ಲಿಸುತ್ತಿದ್ದ, ಥೇಟ್ ಅಣ್ಣನ ಹಾಗೆ.

“ಅದು ಯಾರ ಕುರ್ಚಿ, ಮೀನಾ?”

“ಸರ್‌ದು, ಮೌಶಿ. ಸರ್ ಇದ್ದಿದ್ರೆ ಏನ್ ಹೇಳ್ತಿದ್ರು ಅಂತ ಎಲ್ಲಾ ಲೋಗ್ ಥಿಂಕ್ ಮಾಡ್ತಾರೆ.”

ಪಂಥ ಬದುಕಿತ್ತು. ಭಾಜಿಯವಳನ್ನು ಎಬ್ಬಿಸಿ ಅಣ್ಣನನ್ನು ಕೂರಿಸಿದ್ದರು.

“ಆಂವ ಭಾಜಿಯಾಕಿ ಕುರ್ಚಿ ಮ್ಯಾಲ ಒಂದಿನಾನೂ ಕೂತಿಲ್ಲ, ಮೀನಾ. ಎಬ್ಬಿಸು ಆಂವನ್ನ. ನಿಮ್ಮ ಮಾತು ತಿಳೀಲಾರದವರನ್ನ ಕೂಡಸು.”

“ಇಲ್ಲಿ ಯಾರನ್ನ ಕೂಡಿಸ್ಲಿ, ಮೌಶಿ?”

ನಾನು ಫೋನ್ ಹಿಡಿದು ಬೆತ್ತದ ಕುರ್ಚಿಯಲ್ಲಿ ಮೊದಲ ಸಲ ಕೂತೆ. “ನನ್ನ ಕೂಡಸು. ನಿಮ್ಮ ಆ ಕುರ್ಚಿ ಮ್ಯಾಲ ಫೋನ್ ಇಡು. ಆ ಹುಡುಗ ಹೇಳಿದ್ದು ಕನ್ನಡದಾಗ ಹೇಳು, ನಿಧಾನಕ.”

ಹುಡುಗ ಮೊದಲಿಂದ ಶುರುಮಾಡಿದ. ಮೀನಾ ತಡವರಿಸುತ್ತ ಕನ್ನಡ ಮಾಡುತ್ತಿದ್ದಳು. ಇನ್ನೊಂದು ಲೋಕಲ್ ಹಾದುಹೋಯಿತು. ನನ್ನ ಕುರ್ಚಿ ಸುಮ್ಮನಿತ್ತು. ಬೆನ್ನ ಹಿಂದೆ, ಅಣ್ಣ ಕೂರುತ್ತಿದ್ದ ಕುರ್ಚಿ ಕಿರ್ ಎಂದಿತು, ಯಾರೋ ಬಂದು ಕೂತ ಹಾಗೆ.

ನಾನು ತಿರುಗಿ ನೋಡಲಿಲ್ಲ.