ಹುಳು ಬಿಟ್ಟುಕೊಟ್ಟ ಹಾಳೆ

ಅಕ್ಕ ನನಗೆ ಕೊಟ್ಟ ಒಂದೇ ಒಂದು ಹಾಳೆಯನ್ನು ನಾನು ಉಳಿಸಿಕೊಳ್ಳಲಿಲ್ಲ. ಮೊದಲು ಅದನ್ನು ಒಪ್ಪಿಕೊಂಡುಬಿಡುತ್ತೇನೆ. ಮುಂದಿನದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು, ಕಥೆ ಕಟ್ಟಲು ಬರುವುದಿಲ್ಲ.

ಕೈಲಾಂಚದ ಹತ್ತಿರದ ಹಳ್ಳಿ ನಮ್ಮದು. ರೇಷ್ಮೆ ಹುಳು ಸಾಕುತ್ತೇವೆ. ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದ ವರ್ಷಗಳವು. ಗಂಡ ತೀರಿಕೊಂಡ ಮೇಲೆ ಮಗಳು ಭವ್ಯಳ ಜೊತೆ ನಮ್ಮ ಮನೆಗೆ ಬಂದಿದ್ದ ಅಕ್ಕ, ಅಂಥದೊಂದು ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದಳು. ಘಮ್ಮೆನ್ನುವ ಪೌಡರ್ ಹಾಕಿಕೊಂಡು ಕಂಪನಿ ಬಸ್ಸು ಹತ್ತುವಳು. ಹುಳುವಿಗೆ ಅಂಥ ವಾಸನೆ ಆಗದು.

"ಪೌಡರ್ ಮೆತ್ಕೊಂಡು ಹುಳದ್ ಮನೆ ಹೊಸ್ಲು ದಾಟ್ಬೇಡ ಕಣಕ್ಕ" ಎಂದು ದಿನಾ ರೇಗುತ್ತಿದ್ದೆ.

"ನಿನ್ ಹುಳಕ್ಕಿರೋ ಮರ್ವಾದೆ ನಂಗಿಲ್ಲ ಬುಡು" ಎಂದು ನಗುವಳು.

ಆಮೇಲೆ ಅವಳಿಗೆ ಕಾಯಿಲೆ ಬಂತು. ಉಳಿಯುವುದಿಲ್ಲ ಎಂಬುದು ಎಲ್ಲರಿಗಿಂತ ಮೊದಲು ಅವಳಿಗೇ ಗೊತ್ತಾಯಿತು.

"ಲೋ ಸಿದ್ದ, ಭವ್ಯಂಗೆ ಅಂತ ಈಮೇಲ್‌ನಾಗೆ ಕಾಗ್ದ ಬರ್ದಿಟ್ಟಿವ್ನಿ. ವರ್ಷಕ್ಕೊಂದ್ರಂಗೆ, ಅವ್ಳ ಮದ್ವೆಗಂಟ. ಅವ್ರಪ್ಪನ ಫೋಟೋನೂ ಅದ್ರಾಗೇ ಅವೆ. ಪಾಸ್‌ವರ್ಡ್ ಹೇಳ್ಕೊಡ್ತೀನಿ, ಒಸಿ ಕೂತ್ಕೊಳ್ಲಾ."

"ಸೊಪ್ಪು ಕುಯ್ಯೋದೈತೆ ಕಣಕ್ಕ. ಆಮೇಲೆ."

ಮೂರು ಸಲ ಕರೆದಳು. ಮೂರು ಸಲವೂ ನನಗೆ ಸೊಪ್ಪೇ ಹೆಚ್ಚಾಯಿತು. ಕೊನೆಗೆ ಒಂದು ಲಾಂಗ್ ಬುಕ್ಕಿನ ಮೊದಲ ಹಾಳೆಯಲ್ಲಿ ಅದನ್ನು ಬರೆದು, ಬುಕ್ಕನ್ನೇ ನನ್ನ ಕೈಗಿಟ್ಟಳು. ನಾನು ಅದನ್ನು ಹುಳು ಮನೆಯಲ್ಲಿ, ಹಳೇ ಪೇಪರ್ ಕಟ್ಟಿನ ಮೇಲೆ ಇಟ್ಟೆ.

ಹುಳುವಿನ ತಟ್ಟೆಗಳಿಗೆ ಅಡಿಯಲ್ಲಿ ಹಳೇ ಪೇಪರ್ ಹಾಸುತ್ತೇವೆ. ಹಿಕ್ಕೆ ತುಂಬಿದ ಮೇಲೆ ಪೇಪರ್ ಸಮೇತ ತಿಪ್ಪೆಗೆ. ಅಕ್ಕನ ತಿಥಿ ಮುಗಿದ ವಾರ ಪೇಪರ್ ಸಾಲಲಿಲ್ಲ. ಕೈಗೆ ಸಿಕ್ಕ ಬುಕ್ಕನ್ನು ಹರಿದು ಹಾಸಿದೆ. ಯಾವ ಬುಕ್ಕೆಂದು ನೋಡಲೂ ಇಲ್ಲ. ನೆನಪಾಗಿ ತಿಪ್ಪೆ ಕೆದಕಿದಾಗ ಸಿಕ್ಕಿದ್ದು ಕಪ್ಪು ಮುದ್ದೆ.

ಭವ್ಯಳಿಗೆ ಆಗ ಹನ್ನೆರಡು. ಭಾನುವಾರ ಬಂತೆಂದರೆ ರಾಮನಗರದ ಬ್ರೌಸಿಂಗ್ ಸೆಂಟರು. ಅವರಪ್ಪನ ಹೆಸರು, ಅವಳು ಹುಟ್ಟಿದ ದಿನ, ನಮ್ಮ ಹಸುವಿನ ಹೆಸರು... ಏನು ಒತ್ತಿದರೂ ಕೆಂಪು ಅಕ್ಷರ.

"ಮತ್ತೆ ತಪ್ಪಂತೆ ಮಾವ."

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳುವಳು, "ಅಮ್ಮ ನಿಂಗೇನೂ ಹೇಳಿರ್ನಿಲ್ವಾ?"

"ಇಲ್ಲ ಕಣವ್ವ."

ಒಳಗೆ ಕುದಿಯುತ್ತಿದ್ದುದನ್ನು ಕಂಡಕ್ಟರ್ ಮೇಲೆ ಕಾರುತ್ತಿದ್ದೆ. ಹೀಗೇ ಒಂದು ವರ್ಷ.

ಆ ರಾತ್ರಿ ಹುಳು ನಾಲ್ಕನೇ ಜ್ವರ ಎದ್ದಿತ್ತು. ಪೊರೆ ಬಿಡಲು ಮೇವು ಬಿಟ್ಟು ಮಲಗುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಎದ್ದ ಹುಳುವಿಗೆ ಹಗಲು ರಾತ್ರಿ ಹಸಿವು. ಕರೆಂಟ್ ಹೋಗಿತ್ತು. ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸೊಪ್ಪು ಹಾಕುತ್ತಿದ್ದೆ. ಸಾವಿರಾರು ಹುಳು ಮೇಯುವ ಸದ್ದು, ಹೆಂಚಿನ ಮೇಲೆ ಮಳೆ ಹೊಯ್ದ ಹಾಗೆ...

ಆ ಸದ್ದು ನಿಂತಿತು.

ಒಂದು ತಟ್ಟೆಯದಲ್ಲ, ಇಡೀ ಮನೆಯದು. ಎದ್ದ ಹುಳು ಹಾಗೆ ನಿಂತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನನ್ನ ಉಸಿರು ನನಗೇ ಕೇಳುತ್ತಿತ್ತು. ಆಮೇಲೆ ವಾಸನೆ ಬಂತು... ಪೌಡರಿನದು.

ಟಾರ್ಚಿನ ಬೆಳಕು ಬಿಟ್ಟೆ. ಎದುರಿನ ತಟ್ಟೆಯಲ್ಲಿ ಹುಳುಗಳೆಲ್ಲ ಸೊಪ್ಪು ಬಿಟ್ಟು ಅಂಚಿಗೆ ಸರಿದಿದ್ದವು. ನಡುವೆ ಗೀಟಿನ ಹಾಳೆ. ಬೆಳಿಗ್ಗೆ ಆ ತಟ್ಟೆಗೆ ನ್ಯೂಸ್ ಪೇಪರ್ ಹಾಸಿದವನು ನಾನೇ. ಆದರೂ ಅಲ್ಲಿದ್ದದ್ದು ಗೀಟಿನ ಹಾಳೆಯೇ. ಮೇಲೆ 'ಭವ್ಯಂಗೆ' ಎಂದು ಅಕ್ಕನ ದುಂಡನೆಯ ಅಕ್ಷರ. ಅದರ ಕೆಳಗೆ ಒಂದು ಸಾಲು ಇಂಗ್ಲಿಷ್.

ನನಗೆ ಇಂಗ್ಲಿಷ್ ಬರುವುದಿಲ್ಲ.

ಅಷ್ಟರಲ್ಲಿ ನಡುಮನೆಯಿಂದ ಭವ್ಯಳ ದನಿ. "ಮಾವ... ಹುಳ ಯಾಕೆ ಸುಮ್ಗಾದ್ವು?"

ಬಾ ಎಂದರೆ ಸಾಕಿತ್ತು, ಓದುತ್ತಿದ್ದಳು. ಆದರೆ ಅಮ್ಮನ ಹಾಳೆ ಹುಳುವಿನ ಅಡಿಗೆ ಹೇಗೆ ಬಂತು ಎಂದು ಕೇಳಿದರೆ?

"ಏನಿಲ್ಲ ಕಣವ್ವ... ಮಲಿಕ್ಕೊ."

ಹಾಗೆಂದದ್ದೇ ತಡ, ಹುಳುಗಳು ತಲೆ ಎತ್ತಿದವು. ನಾಲ್ಕೂ ಕಡೆಯಿಂದ ಹರಿದು ಬಂದು ಹಾಳೆಯನ್ನು ಮುಚ್ಚಿಬಿಟ್ಟವು. ಮತ್ತೆ ಮಳೆ ಸುರಿದಂತೆ ಸದ್ದು. ಬಾಚಿ ಸರಿಸಿ ನೋಡಿದೆ. ಹಳೇ ನ್ಯೂಸ್ ಪೇಪರ್, ಅದರಲ್ಲೊಂದು ಟ್ರ್ಯಾಕ್ಟರ್ ಜಾಹೀರಾತು. ತಟ್ಟೆಯಿಂದ ತಟ್ಟೆಗೆ ಹುಡುಕಿದೆ. ನನ್ನ ಬಾಯನ್ನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಆ ಮೇಲ್ ಇವತ್ತಿಗೂ ತೆರೆದಿಲ್ಲ. ಇವತ್ತಿಗೂ ರಾತ್ರಿ ಮೇಯುವ ಸದ್ದು ಒಂದು ಗಳಿಗೆ ತಗ್ಗಿದರೆ ನನ್ನ ಕೈ ತಾನಾಗಿ ಟಾರ್ಚಿಗೆ ಹೋಗುತ್ತದೆ.

ಆ ರಾತ್ರಿ ಹುಡುಕಿ ಸೋತು ತಿರುಗಿದರೆ ಭವ್ಯ ಹೊಸ್ತಿಲಲ್ಲಿ ನಿಂತಿದ್ದಳು. ಮೂಗು ಅರಳಿಸಿ ಗಾಳಿ ಎಳೆದುಕೊಂಡಳು.

"ಅಮ್ಮನ್ ಪೌಡರ್ ವಾಸ್ನೆ ಬತ್ತೈತಲ್ಲ ಮಾವ..."

ಸೊಪ್ಪಿನ ರಾಶಿಯ ಮೇಲೆ ಕುಸಿದು ಕೂತೆ. ಅವಳನ್ನು ನೋಡಿ ಹೇಳಿದೆನೋ, ಅವಳ ಹಿಂದಿನ ಕತ್ತಲನ್ನು ನೋಡಿ ಹೇಳಿದೆನೋ, ಗೊತ್ತಿಲ್ಲ.

"ಬರ್ಕೊಟ್ಟಿದ್ಲು ಕಣವ್ವ ನಿಮ್ಮಮ್ಮ. ನಾನೇ ಹರ್ದು ಹುಳಕ್ಕೆ ಹಾಸ್ಬುಟ್ಟೆ. ಇಷ್ಟು ದಿನ ನಿಂಗೆ ಸುಳ್ಳೇಳ್ದೆ. ತಪ್ಪಾಯ್ತು... ನನ್ನಿಂದ ತಪ್ಪಾಗೋಯ್ತು."