ಪೆಟ್ಟಿಗೆ ಅಳಿಸಿಹಾಕಿದ ಆನೆ ಹೆಜ್ಜೆ

ಆನೆ ಎದುರಿಗೆ ನಿಂತಿದ್ದಾಗ ನಾನು ಮಾಡಿದ ಪೆಟ್ಟಿಗೆ ನಿದ್ದೆ ಹೊಡೆಯುತ್ತಿತ್ತು!

ಎದುರಿಗೆ ಅಂದರೆ ನನ್ನೆದುರಿಗಲ್ಲ. ನಾನು ಚಾಮರಾಜನಗರದ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಆನೆ ನಿಂತಿದ್ದು ಗುಂಡ್ಲುಪೇಟೆಯಾಚೆ, ಬಂಡೀಪುರಕ್ಕೆ ಸೇರಿದ ಮದ್ದೂರು ಕಾಡಿನ ಅಂಚಿನಲ್ಲಿ ಚೆಂಡು ಹೂವು ಬೆಳೆಯುವ ಸಿದ್ದಮ್ಮನೆದುರಿಗೆ.

ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವ ನಾನು (ಈ ಅಂಕಣ ವಾರದ ಚಟ) ಮೂರು ತಿಂಗಳ ಹಿಂದೆ ಅವಳ ಹೊಲದಲ್ಲಿ ಆನೆ ಬಂದರೆ ಕೂಗುವ ಸೈರನ್ ಪೆಟ್ಟಿಗೆಯೊಂದನ್ನು ನೆಟ್ಟು ಬಂದಿದ್ದೆ. ಬ್ಯಾಟರಿ ಉಳಿಯಲೆಂದು ಅದು ಸದಾ ಮಲಗಿರುತ್ತದೆ. ಭಾರದ ಹೆಜ್ಜೆ ಬಿದ್ದರೆ ನೆಲದಲ್ಲಿ ಹೂತ ಸೆನ್ಸರ್ ಅದನ್ನು ತಟ್ಟಿ ಎಬ್ಬಿಸುತ್ತದೆ. ಎದ್ದು ಕೂಗುತ್ತದೆ, ಮತ್ತೆ ಮಲಗುತ್ತದೆ. ಎಷ್ಟು ಸರಳ, ಅಲ್ಲವೇ?

ವಿಷಯ ತಿಳಿದ ಮರುದಿನವೇ ಬೆಳಗಿನ ಬಸ್ ಹತ್ತಿದೆ. ಹೊಲ ತಲುಪಿದರೂ ಮಂಜು ಕರಗಿರಲಿಲ್ಲ. ಬಂಡೀಪುರದ ಗುಡ್ಡಗಳು ಅರ್ಧ ಮರೆತ ಕನಸಿನಂತೆ ದೂರದಲ್ಲಿದ್ದವು. ಹಳದಿ ಹೂಗಳಿಗೆ ಮಾತ್ರ ತಮ್ಮದೇ ಬೆಳಕಿದ್ದಂತಿತ್ತು.

"ಊವ ಕೀಳ್ತಾ ತಲೆ ಎತ್ತುದ್ರೆ, ಮಂಜೇ ನಡ್ಕಂಡು ಬಂದಂಗಾಯ್ತು ಕಣವ್ವ" ಎಂದಳು ಸಿದ್ದಮ್ಮ. "ಆಮೇಲೆ ಕಿವಿ ಕಾಣ್ತು."

"ಓಡಲಿಲ್ವಾ?"

"ಕಾಲು ಬರ್ಬೇಕಲ್ಲ! ಕುಕ್ಕೆ ಇಡ್ಕಂಡು ಅಂಗೇ ನಿಂತ್ಬುಟ್ಟೆ. ಅದು ನನ್ನ ನೋಡ್ತು, ನಾನು ಅದ್ನ ನೋಡ್ದೆ. ಕನಸ್ನಲ್ಲಿ ನಿಂತಂಗೆ. ಆಮೇಲೆ ಅದೇ ತಿರುಕ್ಕಂಡು ಓಯ್ತು."

"ಪೆಟ್ಟಿಗೆ ಕೆಟ್ಟಿತ್ತಾ?"

"ಎಲ್ಲಿ ಕೆಟ್ಟಿತ್ತು? ಅದ್ಕೂ ವಸಿ ಮುಂಚೆ ದನ ಬಂದಾಗ ಚೆನ್ನಾಗೇ ಬಡ್ಕಂತು. ಆನೆ ಬಂದಾಗ ತುಟಿನೇ ಬಿಚ್ನಿಲ್ಲ!"

ಬದುವಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ತಪ್ಪು ಸಿಕ್ಕಿತು. ಒಂದೇ ಸಾಲು. ಬರೆದವಳು ನಾನೇ.

ದನಕ್ಕೆ ಎದ್ದು ಕೂಗಿದ ಪೆಟ್ಟಿಗೆ ಮತ್ತೆ ನಿದ್ದೆಗೆ ಜಾರುತ್ತಿತ್ತು. ಜಾರುವ ಮುನ್ನ 'ಸೆನ್ಸರಿನ ಹಳೆಯ ಕರೆಗಳನ್ನೆಲ್ಲ ಅಳಿಸು' ಎಂದು ಬರೆದಿದ್ದೆ. ಸರಿಯಾಗಿ ಆ ಕ್ಷಣದಲ್ಲೇ ಆನೆ ಹೆಜ್ಜೆ ಇಟ್ಟಿದೆ. ಹಳೆಯದರ ಜೊತೆ ಹೊಸ ಕರೆಯೂ ಅಳಿಸಿಹೋಗಿದೆ. ಸೆನ್ಸರ್ ಬಿಗುಮಾನದ್ದು. ಒಮ್ಮೆ ಕರೆದರೆ, ಉತ್ತರ ಸಿಗುವ ತನಕ ಮತ್ತೆ ಕರೆಯುವುದಿಲ್ಲ. ಪೆಟ್ಟಿಗೆ ಮಲಗೇ ಇತ್ತು. ದಿನದಂತೆ ಮಧ್ಯಾಹ್ನ ಹನ್ನೆರಡಕ್ಕೆ ತಾನಾಗಿ ರೀಸ್ಟಾರ್ಟ್ ಆಗಿ, ಏನೂ ಆಗಿಲ್ಲವೆಂಬಂತೆ ಸರಿಹೋಗಿತ್ತು.

ಆ ಸಾಲು ತೆಗೆದೆ. 'ಕಣ್ಣು ಮುಚ್ಚುವ ಕೊನೆಯ ಗಳಿಗೆಯಲ್ಲಿ ಯಾರಾದರೂ ತಟ್ಟಿದ್ದರೆ, ಮಲಗಬೇಡ' ಎಂದು ಬರೆದೆ. ಪೆಟ್ಟಿಗೆ ಜಾರುವ ಹೊತ್ತಿಗೆ ಸರಿಯಾಗಿ ಸಿದ್ದಮ್ಮ ಒನಕೆಯಿಂದ ನೆಲ ಕುಟ್ಟಿದಳು. ಕಿವಿ ಕಿತ್ತುಹೋಗುವಂತೆ ಕೂಗಿತು!

"ತಪ್ಪು ನನ್ನದು ಸಿದ್ದಮ್ಮ" ಎಂದೆ.

"ಇರ್ಲಿ ಬುಡವ್ವ, ಉಳ್ಕಂಡೆನಲ್ಲ" ಎಂದು ಮಡಿಲಿಗೆ ಹೂ ಸುರಿದಳು. ಬೈದಿದ್ದರೆ ಹಗುರಾಗುತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರೂ ತೂಕಡಿಸುತ್ತಿದ್ದರು. ನನಗೆ ಮಾತ್ರ ರೆಪ್ಪೆ ಅಂಟಲಿಲ್ಲ. ಈ ಮೂರು ತಿಂಗಳಲ್ಲಿ ಎಷ್ಟು ಬೆಳಗಿನ ಹೆಜ್ಜೆಗಳು ಹೀಗೆ ಅಳಿಸಿಹೋಗಿದ್ದವೋ, ಎಷ್ಟು ಸಲ ಆನೆಯೇ ದೊಡ್ಡ ಮನಸ್ಸು ಮಾಡಿತ್ತೋ, ಯಾರನ್ನು ಕೇಳಲಿ?