ಜೇನಿಗೆ ಮಾತ್ರ ಹಾಡುವ ಹಾಡು

ಜೇನುತುಪ್ಪ ಅಳೆದ ಮೇಲೆ ಬೆರಳಿಗಂಟಿದ ಹನಿಯನ್ನು ಆಕೆ ನೆಕ್ಕುತ್ತಿರಲಿಲ್ಲ, ಮಣ್ಣಿಗೆ ಒರೆಸುತ್ತಿದ್ದಳು. "ಇದು ಅವ್ರದ್ದು ಕಣವ್ವ," ಎನ್ನುವಳು. ಅವರೆಂದರೆ ಜೇನುಹುಳುಗಳು.

ಕೃಷ್ಣಮೂರ್ತಿಪುರಂನ ನಮ್ಮ ಮನೆಗೆ ಜೇನು ತರುತ್ತಿದ್ದ ಆ ಅಜ್ಜಿಯ ಕಾಡಿನ ಜನರನ್ನು ಸರ್ಕಾರ ಬೇರೊಂದು ಜಾತಿಯೊಳಗೆ ಸೇರಿಸಿಬಿಟ್ಟಿತ್ತು. ಅವರದು ಬೇರೆಯೇ ಬುಡಕಟ್ಟೆಂದು ಸರ್ಕಾರ ಒಪ್ಪದಿದ್ದರೆ ಕಾಡಿನಲ್ಲಿ ಜೇನು ಕೀಳುವ ಹಕ್ಕೂ ಹೋಗುತ್ತಿತ್ತು. ಅದಕ್ಕಾಗಿ ಹಾಕಿದ್ದ ಅರ್ಜಿ ಓದಿ ಹೇಳಲು ನಾನು ಅವಳೊಡನೆ ಕಚೇರಿಗೆ ಹೋದೆ.

"ನೀವು ಬೇರೆ ಜನ ಅನ್ನೋದಕ್ಕೆ ಗುರುತೇನು?" ಎಂದರು ಅಧಿಕಾರಿ.

"ಜೇನಿನ ಹತ್ರ ಹೋದ್ರೆ ಮೊದ್ಲು ಅವ್ರಿಗೆ ಹಾಡ್ತೀವಿ, ಬುದ್ಧಿ. ಇನ್ಯಾರೂ ಹಾಡಾಕಿಲ್ಲ."

"ಎಲ್ಲಿ, ಹಾಡು ನೋಡೋಣ."

"ನಿಮ್ಗೆ ಎಂಗೆ ಹಾಡ್ಲಿ? ನೀವೇನು ಜೇನಾ?"

ಗುಮಾಸ್ತರು ನಕ್ಕರು. ಅಧಿಕಾರಿ ನಗಲಿಲ್ಲ. "ಹಾಡದಿದ್ರೆ ಗುರುತಿಲ್ಲ. ನಾಳೆ ಹಾಗಂತ ಷರಾ ಬರೀತೀನಿ," ಎಂದರು.

ಹೊರಗೆ ಬಂದ ಅಜ್ಜಿ ತಲೆಯೆತ್ತಿ ನೋಡಿದಳು. ಅಧಿಕಾರಿಯ ಕಿಟಕಿಯ ಮೇಲಿನ ಕಮಾನಿನಲ್ಲಿ ಹೆಜ್ಜೇನು ಕಟ್ಟಿತ್ತು.

ಮರುದಿನ ಬೆಳಿಗ್ಗೆ, ಅಧಿಕಾರಿ ಬಂದು ಕುರ್ಚಿಯಲ್ಲಿ ಕೂರುವವರೆಗೂ ಕಾದು, ಆಕೆ ಆ ಕಮಾನಿನ ಕೆಳಗೆ ನಿಂತಳು. ಕಿಟಕಿಯತ್ತ ಒಮ್ಮೆಯೂ ನೋಡದೆ, ಜೇನಿಗೆ ಕೈಮುಗಿದು ಹಾಡತೊಡಗಿದಳು.